ಪೈಪು ಬೇಡ, ರಕ್ತ ಸಾಕು ಅಂದರು: 12,900 ರೂಪಾಯಿಯ ಆರ್‌ಎನ್‌ಎ ಪರೀಕ್ಷೆ ಹೇಗಿತ್ತು

ಅಪ್ಪಯ್ಯನಿಗೆ ಹೊಟ್ಟೆ ಕ್ಯಾನ್ಸರ್ ಇದೆಯಾ ಅಂತ ಬರೀ ರಕ್ತದಲ್ಲಿ ನೋಡುವ ಪರೀಕ್ಷೆ ಮಾಡಿಸಿದೆ, ಅದರ ರಿವ್ಯೂ ಇದು. ಮೊದಲೇ ಹೇಳಿಬಿಡುತ್ತೇನೆ, ಲ್ಯಾಬಿನ ಹೆಸರು ಬರೆಯುವುದಿಲ್ಲ, ಕೇಳಲೂ ಬೇಡಿ. ನಮ್ಮ ಕಡೆ ಎಲ್ಲರೂ ಎಲ್ಲರಿಗೂ ಹೇಗೋ ನೆಂಟರು. ರಕ್ತ ತೆಗೆಯಲು ಬಂದ ಹುಡುಗ ನಮ್ಮ ಅತ್ತಿಗೆಯ ತವರಿನ ಕಡೆಯವನು ಅಂತ ಆಮೇಲೆ ಗೊತ್ತಾಯಿತು. ಐದಕ್ಕೆ ಎಷ್ಟು ಸ್ಟಾರ್ ಅಂದರೆ, ಪರೀಕ್ಷೆಗೆ ಮೂರು, ಅದನ್ನು ನಮಗೆ ಮಾರಿದ ರೀತಿಗೆ ಒಂದು. ಆ ಒಂದೂ ಹುಡುಗನಿಗೆ, ಪಾಪ, ಒಳ್ಳೆಯವನು.

ಶುರುವಾದದ್ದು ಅಪ್ಪಯ್ಯನ ಗ್ಯಾಸಿನಿಂದ. ಮಲೆನಾಡಿನಲ್ಲಿ ಎಲ್ಲವೂ ಗ್ಯಾಸೇ ಅಲ್ವಾ. ಎದೆ ಉರಿದರೂ ಗ್ಯಾಸ್, ಬೆನ್ನು ಹಿಡಿದರೂ ಗ್ಯಾಸ್, ಊಟ ಸೇರದಿದ್ದರೂ ಗ್ಯಾಸ್. ಅದಕ್ಕೆ ಜೀರಿಗೆ ಕಷಾಯ, ಮುರುಗಲು ಸಾರು, ಅದಕ್ಕೂ ಬಗ್ಗದಿದ್ದರೆ ಪೇಟೆಯ ಮೆಡಿಕಲ್ ಶಾಪಿನಿಂದ ಒಂದು ಸ್ಟ್ರಿಪ್ ಮಾತ್ರೆ. ಎರಡು ವರ್ಷ ಹೀಗೇ ಹೋಯಿತು. ಅಪ್ಪಯ್ಯನಿಗೆ 64, ಕೋಣಂದೂರಿನ ಹತ್ತಿರ ತೋಟ, ನಾನಿರುವುದು ಶಿವಮೊಗ್ಗದಲ್ಲಿ. ಈ ಸಲ ಅಡಿಕೆ ಕೊಯ್ಲು ಮುಗಿದ ಮೇಲೆ ಊರಿಗೆ ಹೋದಾಗ ನೋಡಿದರೆ ಅವರ ಅಂಗಿ ಬೇರೆ ಯಾರದ್ದೋ ಹಾಕಿಕೊಂಡ ಹಾಗೆ ಜೋಲುತ್ತಿತ್ತು. ಅಡಿಕೆ ತೂಗುವ ಕಾಟದ ಮೇಲೆ ನಿಲ್ಲಿಸಿದೆ. ಆರು ಕೆಜಿ ಇಳಿದಿದ್ದರು. ಎರಡು ದೋಸೆ ತಿನ್ನುವಷ್ಟರಲ್ಲಿ ಹೊಟ್ಟೆ ತುಂಬಿತು ಅಂತ ಏಳುತ್ತಿದ್ದರು. ಅಪ್ಪಯ್ಯನ ದೊಡ್ಡಪ್ಪ ಹೋದದ್ದು ಹೊಟ್ಟೆ ಕ್ಯಾನ್ಸರಿನಿಂದಲೇ, ಮಣಿಪಾಲಕ್ಕೆ ಕರೆದುಕೊಂಡು ಹೋಗುವ ಹೊತ್ತಿಗೆ ತಡವಾಗಿತ್ತಂತೆ. ಮನೆಯಲ್ಲಿ ಯಾರೂ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ, ಎಲ್ಲರ ತಲೆಯಲ್ಲೂ ಅದೇ ಓಡುತ್ತಿತ್ತು.

ಡಾಕ್ಟರ ಹತ್ತಿರ ಬರಲು ಅಪ್ಪಯ್ಯ ತಯಾರು. ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಪೈಪು ಇಳಿಸಿ ಹೊಟ್ಟೆ ನೋಡುವುದು, ಅಂದ ಕೂಡಲೇ ಎದ್ದು ಕೊಟ್ಟಿಗೆ ಕಡೆ ಹೊರಡುತ್ತಿದ್ದರು. ‘ಆ ಪೈಪು ನುಂಗೂದು ನನ್ನ ಕೈಲಿ ಆಗ್ದು ಮಾರಾಯ, ಬೇಕಾದ್ರೆ ನೀನೇ ನುಂಗು.’ ಹೀಗಿರುವಾಗ ನಾನು ಆ ಲ್ಯಾಬಿನ ಕರಪತ್ರ ನೋಡಿದ್ದು. ಹೊಸ ಆರ್‌ಎನ್‌ಎ ತಂತ್ರಜ್ಞಾನ, ಬರೀ ರಕ್ತದಲ್ಲಿ ಹೊಟ್ಟೆ ಕ್ಯಾನ್ಸರ್ ಪತ್ತೆ, ನೋವಿಲ್ಲ, ಎಂಡೋಸ್ಕೋಪಿ ಬೇಡ, ಮನೆಗೇ ಬಂದು ರಕ್ತ ತೆಗೆಯುತ್ತೇವೆ. 12,900 ರೂಪಾಯಿ. ಫೋನ್ ಮಾಡಿದೆ. ಆ ಕಡೆಯ ಹುಡುಗಿ ಹೆಸರು, ವಯಸ್ಸು, ಊರು, ಪಿನ್ ಕೋಡ್, ದುಡ್ಡು ಹೇಗೆ ಕಳಿಸುತ್ತೀರಿ ಅಂತ ಎಲ್ಲ ಕೇಳಿದಳು. ಯಾಕೆ ಮಾಡಿಸುತ್ತಿದ್ದೀರಿ, ಏನಾದರೂ ತೊಂದರೆ ಇದೆಯಾ ಅಂತ ಮಾತ್ರ ಕೇಳಲಿಲ್ಲ. ಆಗ ನನಗೂ ಅದು ದೊಡ್ಡ ವಿಷಯ ಅನ್ನಿಸಲಿಲ್ಲ. ಈಗ ಅನ್ನಿಸುತ್ತಿದೆ, ಇಡೀ ತಪ್ಪು ಆ ಕೇಳದ ಪ್ರಶ್ನೆಯಲ್ಲೇ ಇತ್ತು.

ಪರೀಕ್ಷೆ ಅಂದರೆ ಏನು ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಲ್ಯಾಬಿನವರು ಹೇಳಲಿಲ್ಲ. ಆರ್‌ಎನ್‌ಎ ಅಂದರೆ ಜೀವಕೋಶ ತನ್ನ ಕೆಲಸಕ್ಕೆ ಬರೆದುಕೊಳ್ಳುವ ಚೀಟಿ ಇದ್ದ ಹಾಗೆ, ಕೆಲವು ವೈರಸ್‌ಗಳಲ್ಲೂ ಅದು ಇರುತ್ತದೆ. ಆರ್‌ಎನ್‌ಎ ಪರೀಕ್ಷೆ ನಮ್ಮ ಜಿಲ್ಲೆಯವರಿಗೆ ಹೊಸದೇನಲ್ಲ, ಹೆಸರು ಗೊತ್ತಿರಲಿಲ್ಲ ಅಷ್ಟೇ. ಮಂಗನ ಕಾಯಿಲೆ, ಅದೇ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತು ಸಿಕ್ಕ ಕಾಯಿಲೆ, ಅದರದ್ದು ಆರ್‌ಎನ್‌ಎ ವೈರಸ್. ಜ್ವರ ಬಂದವರ ರಕ್ತ ಶಿವಮೊಗ್ಗದ ವಿಡಿಎಲ್‌ಗೆ, ಅಂದರೆ ಸರ್ಕಾರದ ವೈರಸ್ ಪತ್ತೆ ಲ್ಯಾಬಿಗೆ ಹೋಗಿ ಆರ್‌ಟಿಪಿಸಿಆರ್ ಆಗುತ್ತದೆ. ಕೊರೊನಾ ಸಮಯದಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡಿದ್ದೂ ಅದೇ ಪರೀಕ್ಷೆ. ಹಾಗಾಗಿ ನಮ್ಮ ತಲೆಯಲ್ಲಿ ಆರ್‌ಎನ್‌ಎ ಪರೀಕ್ಷೆ ಅಂದರೆ ಪಾಸಿಟಿವ್ ಅಥವಾ ನೆಗೆಟಿವ್. ನಾನು ಎಡವಿದ್ದು ಇಲ್ಲಿ.

ವೈರಸ್ ಹೊರಗಿನದು. ತೋಟಕ್ಕೆ ಕಾಡುಹಂದಿ ಬಂದ ಹಾಗೆ. ಹೆಜ್ಜೆ ಕಂಡಿತೋ, ಬಂದಿದೆ ಅಂತ ಲೆಕ್ಕ. ಆದರೆ ಕ್ಯಾನ್ಸರಿನ ಈ ಪರೀಕ್ಷೆಯಲ್ಲಿ ಹುಡುಕುವುದು ನಮ್ಮದೇ ಆರ್‌ಎನ್‌ಎ. ಅದು ಎಲ್ಲರ ರಕ್ತದಲ್ಲೂ ಇದ್ದೇ ಇರುತ್ತದೆ, ನನ್ನದರಲ್ಲಿ, ನಿಮ್ಮದರಲ್ಲಿ, ಗಟ್ಟಿಮುಟ್ಟಾಗಿ ಅಡಿಕೆ ಮರ ಹತ್ತುವ ಕೊನೆಗಾರನದ್ದರಲ್ಲೂ. ಇದೆಯಾ ಅಂತ ಕೇಳಿ ಉಪಯೋಗವಿಲ್ಲ, ಎಷ್ಟಿದೆ ಅಂತ ಅಳೆಯಬೇಕು. ಮನೆಯಲ್ಲಿ ಹತ್ತು ಜನ ಮಾತಾಡುತ್ತಿರುವಾಗ ಯಾರ ದನಿ ಇವತ್ತು ಸ್ವಲ್ಪ ಏರಿದೆ, ಯಾರದ್ದು ಇಳಿದಿದೆ ಅಂತ ಜಗಲಿಯಲ್ಲಿ ಕೂತು ಕೇಳಿಸಿಕೊಂಡು, ಒಳಗೆ ಜಗಳ ಇದೆಯೋ ಇಲ್ಲವೋ ಅಂತ ಹೇಳುವ ಕೆಲಸ. ಹೇಳಬಹುದು. ಆದರೆ ಕೆಲವೊಮ್ಮೆ ಅದು ಜಗಳ ಆಗಿರುವುದಿಲ್ಲ, ಇಸ್ಪೀಟು ಆಡುತ್ತಿರುತ್ತಾರೆ.

ಇದರಲ್ಲಿ ನೋಡುವುದು ಹೆಚ್ಚಾಗಿ ಮೈಕ್ರೋಆರ್‌ಎನ್‌ಎ ಅನ್ನುವ ಚಿಕ್ಕ ತುಂಡುಗಳನ್ನು, ಸುಮಾರು 22 ಅಕ್ಷರದ ಉದ್ದ ಅಷ್ಟೇ. 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ ಇದನ್ನು ಮೊದಲು ಕಂಡದ್ದು ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್, ಅದಕ್ಕೆ 2024ರಲ್ಲಿ ನೊಬೆಲ್ ಬಂತು. ಜೀವಕೋಶದ ಕೆಲಸದ ಚೀಟಿಗಳಿರುತ್ತವಲ್ಲ, ಅವುಗಳ ಮೇಲೆ ಕೂತು ‘ಇದು ಈಗ ಬೇಡ’ ಅಂತ ಬಾಯಿ ಮುಚ್ಚಿಸುವುದು ಈ ತುಂಡುಗಳ ಕೆಲಸ. ಗೆಡ್ಡೆ ಬೆಳೆಯುವಾಗ ಈ ಲೆಕ್ಕಾಚಾರ ಹದಗೆಡುತ್ತದೆ, ಅದರ ಒಂದಷ್ಟು ರಕ್ತಕ್ಕೂ ಬರುತ್ತದೆ. ಸಾಮಾನ್ಯವಾಗಿ ಬರಿಯ ಆರ್‌ಎನ್‌ಎ ರಕ್ತಕ್ಕೆ ಬಿದ್ದರೆ ಅಲ್ಲಿರುವ ಕಿಣ್ವಗಳು ತಕ್ಷಣ ಕತ್ತರಿಸಿ ಹಾಕುತ್ತವೆ. ಈ ಚಿಕ್ಕವು ಮಾತ್ರ ಪ್ರೋಟೀನಿಗೆ ಅಂಟಿಕೊಂಡು, ಇಲ್ಲವೇ ಕೊಬ್ಬಿನ ಸಣ್ಣ ಗುಳ್ಳೆಗಳ ಒಳಗೆ ಕೂತು ಉಳಿಯುತ್ತವೆ. ಅದಕ್ಕೇ ಅವುಗಳಿಗೆ ಇಷ್ಟು ಬೆಲೆ.

ಹಾಗಾದರೆ ಇದು ಟೊಳ್ಳಾ? ಅಲ್ಲ. ಸಿಂಗಪುರದಲ್ಲಿ ರಕ್ತದ 12 ಮೈಕ್ರೋಆರ್‌ಎನ್‌ಎಗಳನ್ನು ಒಟ್ಟಿಗೆ ಅಳೆದು ಒಂದು ಅಂಕ ಕೊಡುವ ಪರೀಕ್ಷೆ ಇದೆ, ಅಲ್ಲಿನ ಸರ್ಕಾರದ ಒಪ್ಪಿಗೆಯೂ ಇದೆ. ಅದರ ಹಿಂದಿನ ಅಧ್ಯಯನದಲ್ಲಿ 4,500ಕ್ಕೂ ಜಾಸ್ತಿ ಜನರಿಗೆ ರಕ್ತವನ್ನೂ ತೆಗೆದು ಎಂಡೋಸ್ಕೋಪಿಯನ್ನೂ ಮಾಡಿ ಹೋಲಿಸಿ ನೋಡಿದ್ದಾರೆ. ಕ್ಯಾನ್ಸರ್ ಇದ್ದ 100 ಜನರಲ್ಲಿ ಸುಮಾರು 87 ಜನರನ್ನು ಅದು ಹಿಡಿಯಿತು. ಒಳ್ಳೆಯದೇ. ಆದರೆ ಕ್ಯಾನ್ಸರ್ ಇಲ್ಲದ 100 ಜನರಲ್ಲಿ ಸುಮಾರು 32 ಜನರಿಗೂ ಅನುಮಾನ ಅಂತ ಬಂತು. ಕರಪತ್ರಗಳಲ್ಲಿ ಮೊದಲಿನ ಅಂಕಿ ದಪ್ಪ ಅಕ್ಷರದಲ್ಲಿ ಇರುತ್ತದೆ, ಎರಡನೆಯದು ಇರುವುದಿಲ್ಲ. ಅಪ್ಪಯ್ಯನಿಗೆ ಮಾಡಿದ್ದು ಆ ಸಿಂಗಪುರದ ಪರೀಕ್ಷೆಯಲ್ಲ, ಅದೇ ಜಾತಿಯ ಇನ್ನೊಂದು.

ಲೆಕ್ಕ ಹಾಕಿ ನೋಡಿ. ಹೊಟ್ಟೆಯ ತೊಂದರೆಯೇ ಇಲ್ಲದ ಸಾವಿರ ಜನ ಇದ್ದಾರೆ, ಅವರಲ್ಲಿ ಐದು ಜನರಿಗೆ ಕ್ಯಾನ್ಸರ್ ಇದೆ ಅಂತ ಸುಮ್ನೆ ಇಟ್ಟುಕೊಳ್ಳಿ. ಐದರಲ್ಲಿ ನಾಲ್ವರು ಸಿಕ್ಕಿಬೀಳುತ್ತಾರೆ. ಉಳಿದ 995 ಜನರಲ್ಲಿ 310ಕ್ಕೂ ಜಾಸ್ತಿ ಜನ ಏನೂ ಇಲ್ಲದೆ ಗಾಬರಿ ಬೀಳುತ್ತಾರೆ. ಅಂದರೆ ಅನುಮಾನ ಅಂತ ಬಂದ ಸುಮಾರು 80 ಜನರಲ್ಲಿ ಒಬ್ಬರಿಗೆ ನಿಜವಾಗಿ ಕಾಯಿಲೆ. ಇನ್ನೊಂದು ಕಡೆಯಿಂದ ನೋಡಿದರೆ ಸುಮಾರು 680 ಜನರಿಗೆ ಪೈಪು ನುಂಗುವ ಕಷ್ಟ ತಪ್ಪಿತು. ಪರೀಕ್ಷೆಯ ನಿಜವಾದ ಉಪಯೋಗ ಇದು. ಯಾರಿಗೆ ಮೊದಲು ಎಂಡೋಸ್ಕೋಪಿ ಮಾಡಬೇಕು ಅಂತ ಜರಡಿ ಹಿಡಿಯುವುದು. ಎಂಡೋಸ್ಕೋಪಿಯನ್ನೇ ಬೇಡ ಅನ್ನುವುದಕ್ಕಲ್ಲ.

ಇನ್ನು ಸೇವೆಯ ಕಥೆ. ಮಾರ್ಚ್ ತಿಂಗಳು, ಬೆಳಿಗ್ಗೆ ಏಳಕ್ಕೆ ಬರುತ್ತೇನೆ ಅಂದ ಹುಡುಗ ಹತ್ತೂವರೆಗೆ ಬಂದ. ದಾರಿ ತಪ್ಪಿತ್ತಂತೆ, ತಪ್ಪುವಂಥ ದಾರಿಯೇ ಬಿಡಿ. ಅಪ್ಪಯ್ಯ ಖಾಲಿ ಹೊಟ್ಟೆಯಲ್ಲಿ ಕೂತು ಕೂತು ಸಿಟ್ಟಾಗಿದ್ದರು. ನರ ಸಿಗಲಿಲ್ಲ, ಎರಡು ಕಡೆ ಚುಚ್ಚಿ, ತೆಳ್ಳಗಿನ ಸೂಜಿಯಲ್ಲಿ ಎಳೆದೂ ಎಳೆದೂ ಎರಡು ಟ್ಯೂಬ್ ತುಂಬಿದ. ಅಮ್ಮ ಅವನಿಗೆ ಅವಲಕ್ಕಿ, ಕಾಫಿ ಕೊಟ್ಟಳು. ತಿಂದ. ಟ್ಯೂಬುಗಳು ಬೈಕಿನ ಪಕ್ಕದ ಬ್ಯಾಗಿನಲ್ಲಿ, ಬಿಸಿಲಿನಲ್ಲಿ. ‘ಐಸ್ ಡಬ್ಬಿ ಇಲ್ವಾ?’ ಅಂದೆ. ‘ತೀರ್ಥಹಳ್ಳಿಯಲ್ಲಿ ಇದೆ ಸಾರ್, ಅಲ್ಲಿಂದ ಇಟ್ಕೊಂಡು ಹೋಗ್ತೀವಿ’ ಅಂದ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್, ಅಲ್ಲಿಂದ ರಾತ್ರಿ ಬೆಂಗಳೂರಿಗೆ.

ಎಂಟು ದಿನ ಬಿಟ್ಟು ಫೋನ್ ಬಂತು: ಸ್ಯಾಂಪಲ್ ಹಾಳಾಗಿದೆ, ಮತ್ತೊಮ್ಮೆ ಕೊಡಬೇಕು. ಯಾಕೆ ಅಂತ ಕೇಳಿದರೆ ‘ಹೀಮೋಲೈಸ್ ಆಗಿದೆ ಸಾರ್’ ಅಂದು ಫೋನ್ ಇಟ್ಟರು. ಹಾಗಂದರೆ ಕೆಂಪು ರಕ್ತಕಣಗಳು ಒಡೆದು ಒಳಗಿದ್ದದ್ದೆಲ್ಲ ಹೊರಗೆ ಚೆಲ್ಲುವುದು. ಜೋರಾಗಿ ಎಳೆದರೆ, ಅಲ್ಲಾಡಿದರೆ, ಬೇಗ ಗಿರಗಿರ ತಿರುಗಿಸಿ ಕಣ ಬೇರೆ, ತಿಳಿ ಬೇರೆ ಮಾಡದಿದ್ದರೆ ಹೀಗಾಗುತ್ತದೆ. ಹುಳಿ ಸೋಸುವ ಮೊದಲೇ ಮೆಣಸಿನಪುಡಿ ಬಿದ್ದ ಹಾಗೆ. ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಇದು ಅಷ್ಟು ಲೆಕ್ಕಕ್ಕೆ ಬಾರದಿರಬಹುದು. ಈ ಪರೀಕ್ಷೆಗೆ ಮಾತ್ರ ಪ್ರಾಣಸಂಕಟ, ಯಾಕೆಂದರೆ ಕೆಂಪು ಕಣಗಳ ಒಳಗೆ ಅವುಗಳದ್ದೇ ಮೈಕ್ರೋಆರ್‌ಎನ್‌ಎ ರಾಶಿ ಇದೆ. 16, 451 ಅಂತ ನಂಬರಿನ ಎರಡಂತೂ ತುಂಬಿಕೊಂಡಿರುತ್ತವೆ. ಅವು ಚೆಲ್ಲಿದರೆ ಅಳತೆ ಎಲ್ಲ ಏರುಪೇರು. ಹಾಳಾದ ಸ್ಯಾಂಪಲನ್ನು ಹಾಳಾಗಿದೆ ಅಂತ ಒಪ್ಪಿಕೊಂಡರಲ್ಲ, ಅದಕ್ಕೆ ಬೆಂಗಳೂರಿನ ಲ್ಯಾಬಿಗೆ ಶಹಬ್ಬಾಸ್ ಅನ್ನಬೇಕು. ಇಂಥ ನಾಜೂಕಿನ ಪರೀಕ್ಷೆಯನ್ನು ಬೈಕಿನ ಬ್ಯಾಗಿನಲ್ಲಿ ಸಾಗಿಸುವ ಏರ್ಪಾಡಿಗೆ ಏನನ್ನಬೇಕು, ನೀವೇ ಹೇಳಿ. ಎರಡನೇ ಸಲ ಅಪ್ಪಯ್ಯನನ್ನು ನಾನೇ ಶಿವಮೊಗ್ಗಕ್ಕೆ ಕರೆದುಕೊಂಡು ಬಂದು ಲ್ಯಾಬಿನಲ್ಲೇ ಕೊಡಿಸಿದೆ, ಕಣ್ಣೆದುರೇ ಆ ಗಿರಗಿರ ತಿರುಗಿಸುವ ಯಂತ್ರಕ್ಕೆ ಹಾಕಿಸಿದೆ. ನೀವು ಯಾರಾದರೂ ಮಾಡಿಸುವುದಾದರೆ ಹಾಗೇ ಮಾಡಿ.

ವರದಿ ಬಂತು. ಏಳು ಪುಟ, ಎಲ್ಲ ಇಂಗ್ಲಿಷ್. ಒಂದು ಅರ್ಧ ಚಂದ್ರದ ಚಿತ್ರ, ಹಸಿರು, ಹಳದಿ, ಕೆಂಪು. ಮುಳ್ಳು ಹಳದಿಯಲ್ಲಿ. ‘ಮಧ್ಯಮ ಅಪಾಯ.’ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಇದು ರೋಗನಿರ್ಣಯ ಅಲ್ಲ, ವೈದ್ಯರನ್ನು ಕಾಣಿ. ಜೊತೆಗೆ ಉಚಿತವಾಗಿ ಸಿಇಎ, ಸಿಎ 19-9 ಅಂತ ಕ್ಯಾನ್ಸರಿನ ಸುಳಿವಿಗೆ ನೋಡುವ ಎರಡು ಹಳೆಯ ರಕ್ತ ಪರೀಕ್ಷೆಗಳು, ಎರಡೂ ನಾರ್ಮಲ್. ಅವು ನಾರ್ಮಲ್ ಅಂತ ಖುಷಿಪಡುವ ಹಾಗೂ ಇಲ್ಲ. ಶುರುವಿನ ಹಂತದ ಹೊಟ್ಟೆ ಕ್ಯಾನ್ಸರಿನಲ್ಲಿ ಅವು ಎಷ್ಟೋ ಸಲ ಏರುವುದೇ ಇಲ್ಲ, ಬೀಡಿ ಸೇದುವವರಿಗೆ ಸಿಇಎ ಹಾಗೇ ಸ್ವಲ್ಪ ಏರಿರುತ್ತದೆ. ಪ್ಯಾಕೇಜ್ ತುಂಬಿ ಕಾಣಲಿ ಅಂತ ಹಾಕಿದ್ದು ಅಷ್ಟೇ, ಮದುವೆ ಊಟದಲ್ಲಿ ಎಲೆ ತುದಿಗೆ ಬಡಿಸುವ ಕೋಸಂಬರಿ ತರಹ. ಮಧ್ಯಮ ಅಂದರೆ ಏನು ಅಂತ ಲ್ಯಾಬಿಗೆ ಫೋನ್ ಮಾಡಿ ಕೇಳಿದೆ. ‘ಹೈ ಅಲ್ಲ ಸಾರ್, ಲೋ ಕೂಡ ಅಲ್ಲ.’ ಇದಕ್ಕೆ 12,900.

ಅಮ್ಮ ಸಿಗಂದೂರಿಗೆ ಹರಕೆ ಹೊತ್ತಳು. ಅಕ್ಕ ಬೆಂಗಳೂರಿನಿಂದ ದಿನಕ್ಕೆ ಮೂರು ಸಲ ಫೋನ್. ಅಪ್ಪಯ್ಯ ಏನೂ ಮಾತಾಡದೆ ಎರಡು ದಿನ ತೋಟದಲ್ಲೇ ಇದ್ದು, ಮೂರನೇ ದಿನ ಬೆಳಿಗ್ಗೆ, ‘ಆಯ್ತು, ಆ ಪೈಪೇ ಹಾಕ್ಸು ಮಾರಾಯ’ ಅಂದರು.

ಶಿವಮೊಗ್ಗದಲ್ಲಿ ಹೊಟ್ಟೆಯ ಡಾಕ್ಟರೊಬ್ಬರನ್ನು ಕಂಡೆವು. ವರದಿಯ ಏಳು ಪುಟವನ್ನು ಅವರು ತಿರುವಿ ಹಾಕಿದ್ದು ಅರ್ಧ ನಿಮಿಷ. ಅಪ್ಪಯ್ಯನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಹೊಟ್ಟೆ ಒತ್ತಿದರು. ‘ಯಜಮಾನ್ರೇ, ತೂಕ ಇಳಿದಿದೆ, ಊಟ ಸೇರ್ತಿಲ್ಲ, ವಯಸ್ಸು ಅರವತ್ತು ದಾಟಿದೆ. ನಿಮಗೆ ರಕ್ತ ಪರೀಕ್ಷೆ ಏನಂದಿದ್ರೂ ನಾನು ಎಂಡೋಸ್ಕೋಪಿನೇ ಮಾಡ್ತಿದ್ದೆ’ ಅಂದರು. ಆಮೇಲೆ ನನ್ನ ಕಡೆ ತಿರುಗಿ, ಹಸಿರು ಅಂತ ಬಂದಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿದರು. ನನಗೆ ಉತ್ತರ ಗೊತ್ತಿತ್ತು. ಸಿಹಿ ಹಂಚಿ ಮನೆಗೆ ಹೋಗುತ್ತಿದ್ದೆವು, ಮತ್ತೆ ಆರು ತಿಂಗಳು ಕಷಾಯ. ಇದನ್ನು ಯೋಚಿಸಿದರೆ ಈಗಲೂ ಬೆನ್ನು ತಣ್ಣಗಾಗುತ್ತದೆ.

ಎಂಡೋಸ್ಕೋಪಿಗೆ ಎಂಟು ಗಂಟೆ ಉಪವಾಸ. ಗಂಟಲಿಗೆ ಕಹಿ ಸ್ಪ್ರೇ ಹೊಡೆದು ಮರಗಟ್ಟಿಸುತ್ತಾರೆ, ಹಲ್ಲಿನ ನಡುವೆ ಒಂದು ಪ್ಲಾಸ್ಟಿಕ್ ಬಳೆ, ಎಡಕ್ಕೆ ಮಲಗಿಸುತ್ತಾರೆ. ನಾನು ಹೊರಗೆ ಗಡಿಯಾರ ನೋಡುತ್ತಿದ್ದೆ, ಒಳಗೆ ಹೋಗಿ ಹೊರಗೆ ಬರುವವರೆಗೆ ಹನ್ನೆರಡು ನಿಮಿಷ. ಅಪ್ಪಯ್ಯ ಕಣ್ಣು ಒರೆಸಿಕೊಳ್ಳುತ್ತಾ ಬಂದು, ‘ಇಷ್ಟೇನಾ? ಇದಕ್ಕಾ ನಾನು ಎರಡು ವರ್ಷ ಹೆದರಿದ್ದು?’ ಅಂದರು. ಆಮೇಲೆ ಊರಲ್ಲಿ ಹೇಳುವಾಗ ಪೈಪು ಹೆಬ್ಬಾವಿನಷ್ಟು ದಪ್ಪ ಆಗಿದೆ, ಅದು ಬೇರೆ.

ಹೊಟ್ಟೆಯ ಕೆಳಭಾಗದಲ್ಲಿ ಒಂದು ಹುಣ್ಣು. ಅದರ ಅಂಚಿನಿಂದ ಆರು ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಇನ್ನೊಂದು ಚೂರನ್ನು ಹಳದಿ ಬಣ್ಣದ ಒಂದು ಕಿಟ್‌ನಲ್ಲಿ ಇಟ್ಟು ನನ್ನನ್ನು ಕರೆದು ತೋರಿಸಿದರು. ನೋಡುತ್ತಿದ್ದ ಹಾಗೇ ಹಳದಿ ಗುಲಾಬಿ ಆಯಿತು. ಎಲೆ ಅಡಿಕೆಗೆ ಸುಣ್ಣ ತಾಗಿದ ಹಾಗೆ. ಬಣ್ಣ ಹಾಗೆ ತಿರುಗಿದರೆ ಹೆಲಿಕೋಬ್ಯಾಕ್ಟರ್ ಪೈಲೋರಿ ಇದೆ ಅಂತ ಲೆಕ್ಕ, ಅದು ಹೊಟ್ಟೆಯ ಆಮ್ಲದಲ್ಲೂ ಬದುಕುವ ಬ್ಯಾಕ್ಟೀರಿಯಾ. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಇದನ್ನು ಕಂಡುಹಿಡಿದಾಗ ಯಾರೂ ನಂಬಲಿಲ್ಲ ಅಂತ ಮಾರ್ಷಲ್ 1984ರಲ್ಲಿ ಅದನ್ನು ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದ. 2005ರಲ್ಲಿ ಇಬ್ಬರಿಗೂ ನೊಬೆಲ್. ಹೊಟ್ಟೆ ಕ್ಯಾನ್ಸರಿಗೆ ಅತಿ ದೊಡ್ಡ ಕಾರಣಗಳಲ್ಲಿ ಇದೊಂದು ಅಂತ 1994ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದೆ. ಗಾಬರಿ ಬೇಡ, ಇದು ಹೊಟ್ಟೆಯಲ್ಲಿ ಇರುವವರಲ್ಲಿ ಬಹಳ ಜನರಿಗೆ ಕ್ಯಾನ್ಸರ್ ಬರುವುದೇ ಇಲ್ಲ. ಆದರೆ 12,900ರ ಪ್ಯಾಕೇಜಿನಲ್ಲಿ ಇದರ ಸುದ್ದಿಯೇ ಇರಲಿಲ್ಲ, ಇದು ಮಾತ್ರ ನನಗೆ ಜೀರ್ಣವಾಗಿಲ್ಲ. ಮದ್ದಿರುವ ಕಾರಣವನ್ನು ಬಿಟ್ಟು ಮುಳ್ಳಿನ ಚಿತ್ರ ಬರೆದು ಕೊಟ್ಟಿದ್ದಾರೆ.

ಐದು ದಿನಕ್ಕೆ ಬಯಾಪ್ಸಿ ಬಂತು. ಕ್ಯಾನ್ಸರ್ ಅಲ್ಲ. ಎಂಡೋಸ್ಕೋಪಿ, ಬಯಾಪ್ಸಿ, ಡಾಕ್ಟರ ಫೀಸ್ ಎಲ್ಲ ಸೇರಿ 5,200. ಹದಿನಾಲ್ಕು ದಿನ ಆ್ಯಂಟಿಬಯಾಟಿಕ್ ಕೊಟ್ಟರು, ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗೆ ಅಂತ ಅಪ್ಪಯ್ಯ ದೂರಿದರೂ ಒಂದೂ ಬಿಡದೆ ನುಂಗಿದರು. ಅಪ್ಪೆಮಿಡಿ ಉಪ್ಪಿನಕಾಯಿ ಕಡಿಮೆ ಮಾಡಿ ಅಂದಾಗ ಮಾತ್ರ ಡಾಕ್ಟರ ಮೇಲೆ ಸಿಟ್ಟು ಬಂತು. ಉಪ್ಪು ಜಾಸ್ತಿಯಾದ ಊಟಕ್ಕೂ ಹೊಟ್ಟೆ ಕ್ಯಾನ್ಸರಿಗೂ ನಂಟಿದೆ, ಸುಳ್ಳಲ್ಲ.

ಈಗ ನ್ಯಾಯವಾಗಿ ಒಂದು ಮಾತು ಹೇಳಬೇಕು. ಆ ಹಳದಿ ಮುಳ್ಳು ಇಲ್ಲದಿದ್ದರೆ ಅಪ್ಪಯ್ಯ ಎಂಡೋಸ್ಕೋಪಿಗೆ ಬರುತ್ತಲೇ ಇರಲಿಲ್ಲ. ಎರಡು ವರ್ಷ ನಾನು, ಅಮ್ಮ, ಅಕ್ಕ ಸೇರಿ ಮಾಡಲಾಗದ್ದನ್ನು ಅದು ಮೂರು ದಿನದಲ್ಲಿ ಮಾಡಿತು. ಹಾಗಂತ ಅದನ್ನು ಪರೀಕ್ಷೆಯ ಹೆಚ್ಚುಗಾರಿಕೆ ಅಂತ ಬರೆಯಲು ಮನಸ್ಸು ಬರುತ್ತಿಲ್ಲ. ಮುಳ್ಳು ಒಂದು ಬೆರಳಿನಷ್ಟು ಎಡಕ್ಕೆ ಇದ್ದಿದ್ದರೆ ಹುಣ್ಣು ಅಲ್ಲೇ ಕೂತಿರುತ್ತಿತ್ತು.

ಯಾರಿಗೆ ಹೇಳಿದ್ದು ಈ ಪರೀಕ್ಷೆ ಅಂದರೆ, ತೊಂದರೆ ಏನೂ ಇಲ್ಲದೆ, ಮನೆತನದಲ್ಲಿ ಹೊಟ್ಟೆ ಕ್ಯಾನ್ಸರ್ ಇದ್ದು, ಎಂಡೋಸ್ಕೋಪಿ ಮಾಡಿಸಲೋ ಬೇಡವೋ ಅಂತ ಇರುವವರಿಗೆ, ಅದೂ ಡಾಕ್ಟರನ್ನು ಕೇಳಿಕೊಂಡು. ನನ್ನಂಥವರಿಗೆ ಅನ್ನಿ. ದಕ್ಷಿಣ ಕೊರಿಯಾದಲ್ಲಿ ಈ ಕಾಯಿಲೆ ಜಾಸ್ತಿ, ಅಲ್ಲಿ 40 ದಾಟಿದವರಿಗೆಲ್ಲ ಎರಡು ವರ್ಷಕ್ಕೊಮ್ಮೆ ಸರ್ಕಾರವೇ ಹೊಟ್ಟೆ ಪರೀಕ್ಷೆ ಮಾಡಿಸುತ್ತದೆ. ನಮ್ಮಲ್ಲಿ ಸರ್ಕಾರದ ತಪಾಸಣೆ ಇರುವುದು ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರಿಗೆ. ಹೊಟ್ಟೆ ಕ್ಯಾನ್ಸರ್ ದೇಶದಲ್ಲೇ ಅತಿ ಹೆಚ್ಚು ಕಾಣುವ ಮಿಜೋರಾಂನಂಥ ಕಡೆ, ಗುಡ್ಡದ ಮೇಲಿನ ಊರಿಗೆ ಎಂಡೋಸ್ಕೋಪಿ ಯಂತ್ರ ಹೊತ್ತುಕೊಂಡು ಹೋಗುವುದಕ್ಕಿಂತ ಒಂದು ಟ್ಯೂಬ್ ರಕ್ತ ಕೆಳಗೆ ತರುವುದು ಸುಲಭ ಅಲ್ವಾ. ನಮಗೂ ಅದೇ ಮಾತು ಅನ್ವಯಿಸುತ್ತದೆ, ಟ್ಯೂಬು ಸರಿಯಾಗಿ ಬಂದರೆ. ತೂಕ ಇಳಿದವರು, ನುಂಗಲು ಕಷ್ಟ ಆಗುವವರು, ವಾಂತಿ ನಿಲ್ಲದವರು, ಮಲ ಡಾಂಬರಿನ ಹಾಗೆ ಕಪ್ಪಗೆ ಹೋಗುವವರು ಮಾತ್ರ ಈ ಕರಪತ್ರ ಓದುತ್ತಾ ಕೂರಬೇಡಿ. ಕಬ್ಬಿಣದ ಮಾತ್ರೆ ತಿಂದರೂ ಮಲ ಕಪ್ಪಾಗುತ್ತದೆ, ಆದರೂ ಡಾಕ್ಟರಿಗೆ ತೋರಿಸಿ.

ಲ್ಯಾಬಿನವರಿಗೆ ದೂರು ಬರೆದೆ. ಎರಡನೇ ಸಲ ಹಾಕಿದ್ದ 300 ರೂಪಾಯಿ ಸ್ಯಾಂಪಲ್ ಚಾರ್ಜ್ ವಾಪಸ್ ಕೊಟ್ಟರು. ಬುಕ್ ಮಾಡುವಾಗ ತೊಂದರೆ ಏನು ಅಂತ ಒಂದು ಪ್ರಶ್ನೆ ಸೇರಿಸಿ ಅಂದೆ, ‘ಮ್ಯಾನೇಜ್‌ಮೆಂಟಿಗೆ ತಿಳಿಸ್ತೀವಿ ಸಾರ್’ ಅಂದರು.

ಅಪ್ಪಯ್ಯ ಈಗ ಮೂರು ದೋಸೆ ತಿನ್ನುತ್ತಾರೆ. ಹುಣ್ಣು ಪೂರ್ತಿ ಮಾಯ್ದಿದೆಯಾ ಅಂತ ನೋಡಲು ಮುಂದಿನ ತಿಂಗಳು ಇನ್ನೊಮ್ಮೆ ಎಂಡೋಸ್ಕೋಪಿ ಇದೆ, ಅದಕ್ಕೆ ತಕರಾರಿಲ್ಲ. ಬ್ಯಾಕ್ಟೀರಿಯಾ ಹೋಗಿದೆಯಾ ಅಂತ ಮಲದ ಪರೀಕ್ಷೆಯೂ ಆಗಬೇಕು, ಡಬ್ಬಿ ಕೊಟ್ಟು ಕಳಿಸಿದ್ದಾರೆ. ಅದರ ರಿವ್ಯೂ ನಾನು ಬರೆಯುವುದಿಲ್ಲ.